ಅರಾಸೆಲಿ ಕಂಡದ್ದನ್ನಷ್ಟೇ ಹೇಳುತ್ತಾಳೆ

ನಮ್ಮ ಕೊರ್ದೋಬಾದಲ್ಲಿ ಊರು ತೋರಿಸುವವರಿಗೆ ಬರವಿಲ್ಲ. ಹಳೇ ಸೇತುವೆಯ ಹತ್ತಿರ ನಿಂತು ಒಂದು ಕಲ್ಲು ಎಸೆದರೆ ಅದು ಒಬ್ಬ ಗೈಡಿನ ತಲೆಗೆ ಬಿದ್ದು, ಪುಟಿದು, ಇನ್ನೊಬ್ಬನ ಛತ್ರಿಗೆ ತಗಲುತ್ತದೆ. ಅವರಲ್ಲಿ ಮುಕ್ಕಾಲು ಪಾಲು ಬಾಯಿಗೆ ಬಂದದ್ದು ಹೇಳುವವರು. ಯಾವ ಕಿಟಕಿ ಕಂಡರೂ ಅಲ್ಲೊಬ್ಬ ರಾಜಕುಮಾರಿ ಅತ್ತಿರುತ್ತಾಳೆ, ಯಾವ ಗೋಡೆ ಕಂಡರೂ ಅದರೊಳಗೆ ಕೊಪ್ಪರಿಗೆ ಚಿನ್ನ ಇರುತ್ತದೆ. ನಾನು ನಲವತ್ತು ವರ್ಷದಿಂದ ಸಾನ್ ಬಸಿಲಿಯೋ ಬೀದಿಯಲ್ಲಿ ಪಡಖಾನೆ ನಡೆಸುತ್ತಿದ್ದೇನೆ. ನನ್ನದೇ ಬಾಗಿಲು ತೋರಿಸಿ "ಖಲೀಫನ ಕುದುರೆ ಕಟ್ಟುತ್ತಿದ್ದುದು ಇಲ್ಲೇ" ಎಂದು ಒಬ್ಬ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅಲ್ಲಿ ಕಟ್ಟುತ್ತಿದ್ದುದು ನಮ್ಮಪ್ಪನ ಕತ್ತೆಯನ್ನು.

ಅರಾಸೆಲಿ ಆ ಪೈಕಿಯವಳಲ್ಲ. ಅದನ್ನು ಹೇಳುವುದಕ್ಕೇ ಈಗ ಕೂತಿರುವುದು.

ಅವಳಿಗೆ ಅರವತ್ತಮೂರು. ಗಿಡ್ಡ ಆಳು, ನಡಿಗೆ ಮಾತ್ರ ಚುರುಕು, ಕಾಲಿಗೆ ಯಾವಾಗಲೂ ತೆಳು ಅಟ್ಟೆಯ ಬಟ್ಟೆ ಬೂಟು. ಅವಳ ಅಪ್ಪ ಮೆಲಿತೋನ್ ಸುಣ್ಣ ಬಳಿಯುವವನು. ಮೇ ತಿಂಗಳಲ್ಲಿ ನಮ್ಮ ಮನೆಗಳ ಒಳ ಅಂಗಳಗಳಿಗೆ ಸ್ಪರ್ಧೆ ನಡೆಯುತ್ತದಲ್ಲ, ಅದಕ್ಕೆ ಮೊದಲು ಏಪ್ರಿಲ್‌ನಲ್ಲಿ ಪ್ರತಿ ಗೋಡೆಗೂ ಸುಣ್ಣ, ಪ್ರತಿ ಕುಂಡಕ್ಕೂ ಬಣ್ಣ ಆಗಲೇಬೇಕು. ಅಪ್ಪನ ಹಿಂದೆ ಬಕೆಟ್ಟು ಹಿಡಿದುಕೊಂಡು ಅವಳು ಚಿಕ್ಕಂದಿನಲ್ಲೇ ಈ ಬೀದಿಯ ಎಲ್ಲ ಅಂಗಳಗಳನ್ನೂ ಹೊಕ್ಕು ಬಂದವಳು. ಯಾರ ಮನೆಯ ನೆಲದಲ್ಲಿ ಹೊಳೆಗಲ್ಲುಗಳನ್ನು ಹೂವಿನ ಹಾಗೆ ಜೋಡಿಸಿದ್ದಾರೆ, ಯಾರ ಮನೆಯಲ್ಲಿ ಮೀನಿನ ಮುಳ್ಳಿನ ಹಾಗೆ, ಎಲ್ಲ ಅವಳ ಅಂಗಾಲಿಗೆ ಗೊತ್ತು. ಆಮೇಲೆ ಓದಿದಳು, ಪರೀಕ್ಷೆ ಕಟ್ಟಿದಳು, ಗೈಡಿನ ಬಿಲ್ಲೆ ಕೊರಳಿಗೆ ಹಾಕಿಕೊಂಡಳು. ಅದಕ್ಕೂ ಈಗ ಮೂವತ್ತಾರು ವರ್ಷ.

ಅವಳು ಕೆಲಸ ಮಾಡುವ ರೀತಿಯೇ ಬೇರೆ. ಒಂದು ಸಲಕ್ಕೆ ಒಂದೇ ಮನೆಯವರು, ಹೆಚ್ಚೆಂದರೆ ಆರು ಜನ. ಛತ್ರಿ, ಬಾವುಟ, ಮೈಕು ಯಾವುದೂ ಇಲ್ಲ. ಬರುವವರಿಗೆ ಫೋನು ಮಾಡಿ ಮೊದಲು ಕೇಳುವುದು ವಯಸ್ಸು, ಆಮೇಲೆ ಮೊಣಕಾಲಿನ ಸ್ಥಿತಿ. ಹಿಂದಿನ ದಿನ ಅದೇ ದಾರಿಯನ್ನು ತಾನೊಬ್ಬಳೇ ನಡೆದು ನೋಡುತ್ತಾಳೆ. ಜುಲೈನಲ್ಲಿ ಹನ್ನೊಂದು ಗಂಟೆಗೆ ಯಾವ ಓಣಿಯ ಯಾವ ಮಗ್ಗುಲಲ್ಲಿ ನೆರಳಿರುತ್ತದೆ, ಹನ್ನೊಂದೂವರೆಗೆ ಅದು ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಟ್ಟಿರುತ್ತಾಳೆ. ಉಳಿದ ಗೈಡುಗಳ ಹಿಂದೆ ಹೋದವರು ನನ್ನ ಅಂಗಡಿಗೆ ಬೆಂದು ಬರುತ್ತಾರೆ, ಅರಾಸೆಲಿಯ ಜೊತೆ ಬಂದವರು ನಗುತ್ತಾ ಬರುತ್ತಾರೆ. ಕಂಬಗಳ ಕಾಡಿನಂತಿರುವ ನಮ್ಮ ದೊಡ್ಡ ಮಸೀದಿಯ ಬಾಗಿಲಲ್ಲಿ ಅವಳು ಹೇಳುವುದು ಒಂದೇ ಮಾತು: "ಐದು ನಿಮಿಷ ನಾನು ಬಾಯಿ ಬಿಡಲ್ಲ, ನೀವೂ ಬಿಡಬೇಡಿ." ಆ ಐದು ನಿಮಿಷದಲ್ಲಿ ಅತ್ತವರಿದ್ದಾರೆ. ನಾನೂ ಒಂದು ಸಲ ಹೋಗಿದ್ದೆ. ಹುಟ್ಟಿದ ಊರು, ಎಪ್ಪತ್ತು ವರ್ಷ ಪಕ್ಕದಲ್ಲೇ ಬದುಕಿದ್ದೇನೆ, ಅಂದು ಮೊದಲ ಸಲ ನೋಡಿದ ಹಾಗಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಅವಳದೊಂದು ನಿಯಮ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುವುದು. ಕಲ್ಲಿನಲ್ಲಿ ಕಂಡಿರಬೇಕು, ಇಲ್ಲವೇ ಹಳೆಯ ಕಾಗದದಲ್ಲಿ ತಾನೇ ಓದಿರಬೇಕು. ಎರಡೂ ಇಲ್ಲದಿದ್ದರೆ "ಗೊತ್ತಿಲ್ಲ" ಅನ್ನುತ್ತಾಳೆ. ಮ್ಯಾಡ್ರಿಡ್ಡಿನ ಸಾಹುಕಾರನೊಬ್ಬ ನನ್ನ ಎದುರಿಗೇ ರೇಗಿದ್ದ.

"ಬೆಳಗಿಂದ ಒಂಬತ್ತು ಸಲ ಗೊತ್ತಿಲ್ಲ ಅಂದ್ರಿ ನೀವು!"

"ಹೌದಾ? ಇನ್ನೂ ಎರಡು ಓಣಿ ಬಾಕಿ ಇದೆ ಸ್ವಾಮಿ. ಹತ್ತು ಆಗಬಹುದು" ಎಂದಳು ಅರಾಸೆಲಿ.

ಈ ನಿಯಮದಿಂದಲೇ ಅವಳಿಗೂ ಎನ್ಕಾರ್ನಾಗೂ ಎಣ್ಣೆ ಸೀಗೆಕಾಯಿ ಸಂಬಂಧವಾದದ್ದು. ಎನ್ಕಾರ್ನಾ ನನ್ನ ಅಂಗಡಿಯ ಎದುರುಮನೆಯವಳು. ಎಪ್ಪತ್ತೊಂಬತ್ತು ವರ್ಷ, ವಿಧವೆ, ಕೋಪ ಮೂಗಿನ ತುದಿಯಲ್ಲೇ. ಅವಳ ಅಂಗಳದ ಗೋಡೆಗಳಲ್ಲಿ ಇನ್ನೂರ ಹದಿನಾಲ್ಕು ಕುಂಡ, ಎಲ್ಲದರಲ್ಲೂ ಜೆರೇನಿಯಂ, ನಡುವೆ ಒಂದು ಬಾವಿ, ಅದರ ಪಕ್ಕ ಒಂದು ಮಲ್ಲಿಗೆ ಬಳ್ಳಿ. ಎತ್ತರದ ಕುಂಡಗಳಿಗೆ ಉದ್ದ ಕೋಲಿನ ತುದಿಗೆ ತಗಡಿನ ಡಬ್ಬಿ ಕಟ್ಟಿ ನೀರು ಹಾಕುತ್ತಾಳೆ. ಬಂದವರಿಗೆಲ್ಲ "ಈ ಬಾವಿ ಅರಬರ ಕಾಲದ್ದು, ಸಾವಿರ ವರ್ಷದ್ದು" ಎಂದು ಹೇಳುವುದು ಅವಳ ಚಾಳಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹನ್ನೊಂದು ವರ್ಷದ ಹಿಂದೆ ಅರಾಸೆಲಿ ಅತಿಥಿಗಳ ಎದುರಿಗೇ "ಅರಬರದ್ದಲ್ಲ ಎನ್ಕಾರ್ನಾ, ನಿಮ್ಮಜ್ಜ ತೋಡಿಸಿದ್ದು, ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ" ಅಂದುಬಿಟ್ಟಳು. ಎನ್ಕಾರ್ನಾ ಡಬ್ಬಿಯ ನೀರನ್ನು ಅವಳ ತಲೆಯ ಮೇಲೆ ಸುರಿದಳು. ಅವತ್ತಿನಿಂದ ಮಾತಿಲ್ಲ.

ಮಾತಿಲ್ಲ, ಆದರೆ ಬಾಗಿಲು ಮುಚ್ಚಿಲ್ಲ. ಆ ಮನೆಯ ಬಾಗಿಲಿಗೆ ಬೀಗ ಹಾಕಿದ್ದನ್ನು ಯಾರೂ ಕಂಡಿಲ್ಲ. ಯಾಕೆಂದು ಎನ್ಕಾರ್ನಾಗೂ ಗೊತ್ತಿರಲಿಲ್ಲ, ಅಮ್ಮ ಹಾಕುತ್ತಿರಲಿಲ್ಲ, ಅದಕ್ಕೆ ಇವಳೂ ಹಾಕುವುದಿಲ್ಲ. ಹೀಗಾಗಿ ಅರಾಸೆಲಿ ಅತಿಥಿಗಳನ್ನು ಕರೆತರುವುದು ನಿಲ್ಲಲಿಲ್ಲ. ಹೇಳಬೇಕಾದ್ದನ್ನು ಎನ್ಕಾರ್ನಾ ಗಿಡಗಳಿಗೆ ಹೇಳುತ್ತಿದ್ದಳು. "ನೋಡು ಮಲ್ಲಿಗೆ, ಬಂದಿರೋರಿಗೆ ಹೇಳು, ನೆಲ ಒದ್ದೆ ಇದೆ, ಬಿದ್ದರೆ ನಾನು ಎತ್ತಲ್ಲ ಅಂತ." ಅರಾಸೆಲಿಯೂ ಮಲ್ಲಿಗೆಗೇ ಉಪಕಾರ ಹೇಳಿ ಹೋಗುತ್ತಿದ್ದಳು.

ಈಗ ಹೋದ ಏಪ್ರಿಲ್‌ನ ಮಾತಿಗೆ ಬರುತ್ತೇನೆ.

ಎನ್ಕಾರ್ನಾಗೆ ಸ್ಪರ್ಧೆಯಲ್ಲಿ ನಾಲ್ಕು ಸಲ ಎರಡನೇ ಸ್ಥಾನ ಬಂದಿತ್ತು. ಮೊದಲನೆಯದು ಒಮ್ಮೆಯೂ ಇಲ್ಲ. "ನೀಲಿ ಕುಂಡ ನೋಡಿ ನೋಡಿ ಆ ತೀರ್ಪುಗಾರರಿಗೆ ಬೇಜಾರಾಗಿದೆ ಕಣೋ. ಈ ಸಲ ಹಸಿರು. ಏಣಿ ಹತ್ತು" ಅಂದಳು ನನಗೆ. ಅವಳು ಹತ್ತು ಅಂದರೆ ಈ ಬೀದಿಯಲ್ಲಿ ಹತ್ತದವನಿಲ್ಲ. ಸ್ಪರ್ಧೆಗೆ ಬಣ್ಣ ಬಳಿಯುವ ವಾರ ಬಾಗಿಲು ಮುಂದೆ ಮಾಡಿದ್ದರೆ ಯಾರೂ ತಳ್ಳಿ ನೋಡುವುದಿಲ್ಲ, ಅದು ನಮ್ಮಲ್ಲಿ ಮರ್ಯಾದೆ. ಮೂರು ದಿನ ಗುಟ್ಟಾಗಿ ಬಳಿದೆವು. ಅರಾಸೆಲಿಯೂ ಶುಕ್ರವಾರ ದಾರಿ ನೋಡಿಕೊಳ್ಳಲು ಬಂದವಳು ಬಾಗಿಲಿನವರೆಗೆ ಬಂದು ಹಿಂದಿರುಗಿದ್ದಳು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆಯಿತು. ನಾನು ಏಣಿಯ ಮೇಲೆ ನಿಂತು ಮೇಲಿನ ಸಾಲಿನ ಕುಂಡಗಳನ್ನು ಸಿಕ್ಕಿಸುತ್ತಿದ್ದೆ. ಅರಾಸೆಲಿ ಹಾಲೆಂಡಿನ ನಾಲ್ವರನ್ನು ಕರೆದುಕೊಂಡು ಒಳಗೆ ಬಂದಳು. ಬಾವಿಯ ಪಕ್ಕ ನಿಂತು, ಮೂಗರಳಿಸಿ, ಗೋಡೆಯತ್ತ ಕೈ ಮಾಡಿದಳು.

"ಬಣ್ಣದ ವಾಸನೆ ಬರ್ತಿದೆ ಅಲ್ವಾ? ಪ್ರತಿ ವರ್ಷ ಈ ತಿಂಗಳು ಹೊಸದಾಗಿ ಬಳೀತಾರೆ. ಈ ನೀಲಿ ನೋಡಿ. ನಮ್ಮಪ್ಪ ಹೇಳ್ತಿದ್ದ, ಬಿಳೀ ಗೋಡೆ ಬಿಸಿಲನ್ನ ಓಡಿಸುತ್ತೆ, ನೀಲಿ ಕುಂಡ ಕಣ್ಣನ್ನ ಕೂರಿಸುತ್ತೆ ಅಂತ. ಒಂದು ನಿಮಿಷ ಈ ನೀಲೀನೇ ನೋಡ್ತಾ ನಿಂತ್ಕೊಳಿ."

ನಾಲ್ವರೂ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಉದ್ದನೆಯ ಆಸಾಮಿಗೆ ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು, ಹಾಗೆಯೇ ಅವರ ಊರಿನವರಿಗೆ ಸಂಕೋಚ ಕಡಿಮೆ.

"ಕ್ಷಮಿಸಿ, ಯಾವ ನೀಲಿ? ಇಲ್ಲಿರೋದೆಲ್ಲ ಹಸಿರಲ್ವಾ?"

ಅರಾಸೆಲಿಯ ಕೈ ಗಾಳಿಯಲ್ಲೇ ನಿಂತಿತು. ಅವಳು ತಲೆಯನ್ನು ಸ್ವಲ್ಪ ಓರೆ ಮಾಡಿದಳು, ಇನ್ನಷ್ಟು ಓರೆ ಮಾಡಿದಳು, ಕೋಳಿ ಕಾಳನ್ನು ನೋಡುವ ಹಾಗೆ. ಆಗ ನನಗೆ ಒಂದೊಂದೇ ನೆನಪಾಗತೊಡಗಿತು. ವರ್ಷದಿಂದ ಅವಳು ನನ್ನ ಅಂಗಡಿಯಲ್ಲಿ ಪತ್ರಿಕೆ ಮುಟ್ಟಿರಲಿಲ್ಲ, "ಬರೀ ಸುಳ್ಳು ಬರೀತಾರೆ" ಅನ್ನುತ್ತಿದ್ದಳು. ವೈನಿನ ಲೋಟವನ್ನು ಮೇಜಿನ ಮೇಲೆ ಕೈ ಸವರಿ ಹುಡುಕುತ್ತಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಸಿರು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

ಎನ್ಕಾರ್ನಾ ಅಲ್ಲೇ ಇದ್ದಳು, ಕೋಲು ಹಿಡಿದುಕೊಂಡು. ಹನ್ನೊಂದು ವರ್ಷ ಕಾದ ಗಳಿಗೆ ತಾನಾಗಿಯೇ ಮನೆಯಂಗಳಕ್ಕೆ ನಡೆದು ಬಂದಿತ್ತು. ಇವಳು ಈಗ ಏನು ಹೇಳಿದರೂ ಅದು ಊರಿನ ಬಾಯಿಗೆ ಬೀಳುತ್ತದೆ, ಅಲ್ಲಿಗೆ ಅರಾಸೆಲಿಯ ಕಸುಬು ಮುಗಿಯಿತು ಎಂದುಕೊಂಡೆ.

"ಹಸಿರು ಅಸ್ತರು ಕಣ್ರೀ ಅದು" ಅಂದಳು ಎನ್ಕಾರ್ನಾ, ಮಲ್ಲಿಗೆಗಲ್ಲ, ನೇರವಾಗಿ ಆ ಮನುಷ್ಯನಿಗೆ. "ಮೊದಲನೇ ಕೈ. ಅದರ ಮೇಲೆ ನೀಲಿ ಬರುತ್ತೆ. ಅವಳು ಹೇಳಿದ್ದು ಸರಿಯಾಗೇ ಇದೆ. ಕೆಲಸ ಅರ್ಧ ಆಗಿದ್ದಾಗ ಬಂದು ತಪ್ಪು ಹುಡುಕಬೇಡಿ."

ಆ ಮನುಷ್ಯ ಕ್ಷಮೆ ಕೇಳಿದ. ಅರಾಸೆಲಿ ಮೆಲ್ಲಗೆ ಅತಿಥಿಗಳನ್ನು ಕರೆದುಕೊಂಡು ಹೊರಗೆ ಹೋದಳು.

ಎನ್ಕಾರ್ನಾ ಬಾಗಿಲು ಮುಂದೆ ಮಾಡಿ ಬಂದು ಏಣಿಗೆ ಕೋಲಿನಿಂದ ಬಡಿದಳು.

"ಇಳಿಯೋ ಕೆಳಗೆ. ಹೋಗಿ ನೀಲಿ ತಗೊಂಡು ಬಾ."

"ಎಷ್ಟು?"

"ಎಷ್ಟು ಅಂದ್ರೆ? ಇನ್ನೂರ ಹದಿನಾಲ್ಕಕ್ಕೆ!"

"ತಲೆ ಕೆಟ್ಟಿದೆಯಾ ನಿನಗೆ? ಮೂರು ದಿನ ಬಳಿದಿದ್ದೀನಿ, ಬೆನ್ನು ಮುರಿದು ಹೋಗಿದೆ. ಸ್ಪರ್ಧೆ ಏನಾಗಬೇಕು?"

"ಸ್ಪರ್ಧೆ ಮನೆ ಹಾಳಾಯ್ತು. ಅವಳಿಗೆ ಕಣ್ಣು ಕಾಣಲ್ಲ ಕಣೋ ಅಸಿಸ್ಕ್ಲೋ." ಅವಳ ದನಿ ಒಡೆಯಿತು, ಕೂಡಲೇ ಗದರಿಕೆಯಾಯಿತು. "ಬಾವಿ ವಿಷಯದಲ್ಲಿ ನನ್ನ ಮಾನ ತೆಗೆದೋಳು ಅವಳು. ಅವಳ ಬಾಯಿಂದ ಸುಳ್ಳು ಬಂತು ಅನ್ನಿಸಿಕೊಳ್ಳೋದು ನನ್ನ ಅಂಗಳದಲ್ಲಿ ಆಗಬಾರದು. ನೀಲಿ ಅಂದಳಲ್ಲ, ನೀಲಿ ಆಗಲಿ. ನಿಂತ್ಕೊಂಡು ಏನು ನೋಡ್ತೀಯ, ಹೋಗು!"

ಮೂರು ಗಂಟೆಗೆ, ಊಟದ ಗಲಾಟೆ ಮುಗಿಯುವ ಹೊತ್ತಿಗೆ, ಅರಾಸೆಲಿ ಅಂಗಡಿಗೆ ಬಂದಳು. ಯಾವಾಗಲೂ ಕೂರುವ ಮೂಲೆಯಲ್ಲಿ ಕೂತಳು. ನಾನು ಸಾಲ್ಮೊರೇಹೋ ಬಟ್ಟಲು ಮುಂದಿಟ್ಟೆ. ಟೊಮೆಟೊ, ರೊಟ್ಟಿ ಅರೆದು ಮಾಡುವ ಆ ತಣ್ಣನೆಯ ಸಾರು ಇಲ್ಲದೆ ಅವಳ ಊಟ ಶುರುವಾಗುವುದಿಲ್ಲ. ಅವಳು ಚಮಚ ಎತ್ತಲಿಲ್ಲ.

"ಕೈ ಕೊಡು ಇಲ್ಲಿ" ಅಂದಳು.

ಕೊಟ್ಟೆ. ಮೂಗಿಗೆ ಹಿಡಿದುಕೊಂಡಳು, ಆಮೇಲೆ ಕಣ್ಣಿನ ಅಂಚಿಗೆ.

"ನಾನು ಸುಣ್ಣ ಬಳಿಯೋನ ಮಗಳು. ಹಸಿರು ಅಸ್ತರು ಯಾವ ಕಾಲದಲ್ಲಿ ಯಾರು ಹಾಕಿದ್ದಾರೆ ಹೇಳು."

ನಾನು ಕೈ ಎಳೆದುಕೊಂಡು ಚಮಚವನ್ನು ಅವಳತ್ತ ಸರಿಸಿದೆ.

"ಎರಡು ವರ್ಷ ಆಯ್ತು. ಕಣ್ಣಿನ ನಡುಭಾಗ ಸವೆದಿದೆಯಂತೆ. ಅಂಚು ಕಾಣುತ್ತೆ, ನಡು ಬರೀ ಬೂದಿ. ಈಗ ನಿನ್ನ ಎರಡು ಕಿವೀನೂ ಕಾಣ್ತಿದೆ, ಮುಖ ಇಲ್ಲ."

"ಪುಣ್ಯ ಮಾಡಿದ್ದೀಯ. ನನ್ನಲ್ಲಿ ನೋಡೋ ಹಾಗಿರೋದು ಅವೆರಡೇ."

ಅವಳು ನಕ್ಕಳು, ಆದರೆ ಹೆಚ್ಚು ಹೊತ್ತು ನಗಲಿಲ್ಲ. "ಕಾಲಿಗೆ ದಾರಿ ಗೊತ್ತು, ಕಲ್ಲೆಲ್ಲ ನೆನಪಿದೆ, ಮೋಸ ಏನಿಲ್ಲ ಅಂದ್ಕೊಂಡಿದ್ದೆ. ಹಳೇದು ಬದಲಾಗಲ್ಲ ಅಲ್ವಾ. ಆದರೆ ಇವತ್ತು ಕಾಣದೇ ಇರೋದನ್ನ ಕಂಡ ಹಾಗೆ ಹೇಳಿದೆ. ಮೂವತ್ತಾರು ವರ್ಷ ಬೇರೆಯವರನ್ನ ಸುಳ್ಳುಗಾರರು ಅಂತ ಬೈದೋಳು ನಾನು. ಗುರುವಾರ ಲಿಯೋನಿನಿಂದ ಒಂದು ಫ್ರೆಂಚ್ ಮನೆಯವರು ಬರ್ತಾರೆ, ಮಾತು ಕೊಟ್ಟಿದ್ದೀನಿ. ಅದು ಮುಗಿಸಿ ಬಿಲ್ಲೆ ವಾಪಸ್ ಕೊಟ್ಟುಬಿಡ್ತೀನಿ."

ಬೇಡ ಅಂದೆ, ಬೈದೆ, ಕೊನೆಗೆ ಬೇಡಿಕೊಂಡೆ. ಅವಳಿಗೆ ಊರು ತೋರಿಸುವುದು ಬಿಟ್ಟರೆ ಮಕ್ಕಳಿಲ್ಲ, ಮರಿಯಿಲ್ಲ, ಬೇರೆ ಹಬ್ಬವಿಲ್ಲ. ಅದನ್ನೂ ಬಿಟ್ಟರೆ ಆ ಮೂಲೆಯಲ್ಲಿ ಕೂತು ಏನು ಮಾಡಿಯಾಳು? ಸಾಲ್ಮೊರೇಹೋ ಹಾಗೇ ಉಳಿಯಿತು. ಅವಳು ಎದ್ದು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ನಾಲ್ಕು ದಿನ ನೀಲಿ ಬಳಿದೆವು. ಮಧ್ಯಾಹ್ನ ಅಂಗಡಿ ಮುಚ್ಚಿ ಬಳಿದೆ. ಹಸಿರಿನ ಮೇಲೆ ನೀಲಿ ಕೂರುವುದಿಲ್ಲ, ಎರಡೆರಡು ಕೈ ಬೇಕು. ಅರಾಸೆಲಿ ಬಿಲ್ಲೆ ಕೊಟ್ಟುಬಿಡುತ್ತಾಳೆ ಎಂದು ಹೇಳಿದಾಗ ಎನ್ಕಾರ್ನಾ ಬ್ರಷ್ಷನ್ನು ಇನ್ನೂ ಜೋರಾಗಿ ಉಜ್ಜಿದಳು.

ಗುರುವಾರ ಬಂತು. ಲಿಯೋನಿನ ಗಂಡ ಹೆಂಡತಿ, ಜೊತೆಗೆ ಊರುಗೋಲು ಹಿಡಿದ ಅಜ್ಜಿ. ಅರಾಸೆಲಿ ಒಳಗೆ ಬಂದವಳೇ ಹತ್ತಿರದ ಕುಂಡದ ಮೇಲೆ ಬೆರಳಿಟ್ಟಳು. ಬೆರಳಿಗೆ ಬಣ್ಣ ಅಂಟಿತು.

"ಅಸಿಸ್ಕ್ಲೋ, ಇದು ಯಾವ ಬಣ್ಣ?"

"ನೀಲಿ" ಅಂದೆ.

"ಎಷ್ಟು ಕುಂಡಕ್ಕೆ?"

"ಎಲ್ಲದಕ್ಕೂ."

ಅವಳು ಬಾವಿಯ ಕಟ್ಟೆಗೆ ಕೈ ಊರಿ ನಿಂತಳು. ಮೊದಲು ಫ್ರೆಂಚಿನಲ್ಲಿ ಹೇಳಿದಳು, ಆಮೇಲೆ "ಮನೆಯವರೂ ಕೇಳಬೇಕು" ಎಂದು ನಮ್ಮ ಭಾಷೆಯಲ್ಲಿ ಪೂರ್ತಿ ಮತ್ತೊಮ್ಮೆ ಹೇಳಿದಳು.

"ಈ ಕುಂಡಗಳು ಹೋದ ಶನಿವಾರ ಹಸಿರಾಗಿದ್ದವು. ನನಗೆ ಕಣ್ಣು ಕಾಣಲ್ಲ. ಕಾಣದೇ ನೀಲಿ ಅಂದೆ. ನನ್ನ ಮಾತು ಸುಳ್ಳಾಗಬಾರದು ಅಂತ ಈ ಮನೆಯ ಯಜಮಾನಿ ಎಲ್ಲವನ್ನೂ ಮತ್ತೆ ನೀಲಿ ಮಾಡಿದ್ದಾಳೆ. ಹನ್ನೊಂದು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟೋಳು ಇವಳು. ಇನ್ನು ಈ ಬಾವಿ. ಇದು ಅರಬರದ್ದಲ್ಲ."

ಎನ್ಕಾರ್ನಾ ಸರ್ರನೆ ತಲೆಯೆತ್ತಿದಳು. ನಾನು ಡಬ್ಬಿಯ ಕಡೆ ನೋಡಿದೆ. ಅದರ ತುಂಬ ನೀರಿತ್ತು.

"ಮೂವತ್ತೊಂದರಲ್ಲಿ ಬೀದಿಯ ನಲ್ಲಿ ಒಣಗಿತ್ತು. ಇವಳ ಅಜ್ಜ ಹೆನಾರೋ ಬಾವಿ ತೋಡೋಕೆ ಅಪ್ಪಣೆ ಕೇಳಿ ಅರ್ಜಿ ಬರೆಸಿದ್ದ. ಆ ಕಾಗದ ನಾನು ಓದಿದ್ದೀನಿ, ಓದೋಕೆ ಆಗ್ತಿದ್ದ ಕಾಲದಲ್ಲಿ. ಅದರಲ್ಲಿ ಹೀಗಿದೆ: ನೀರು ಬಂದರೆ ಬೀದಿಯವರೆಲ್ಲ ಸೇದಿಕೊಳ್ಳಬಹುದು, ಅದಕ್ಕೋಸ್ಕರ ನನ್ನ ಮನೆಯ ಬಾಗಿಲಿಗೆ ಎಂದೂ ಬೀಗ ಹಾಕುವುದಿಲ್ಲ. ಕೆಳಗೆ ಹೆಬ್ಬೆಟ್ಟಿನ ಗುರುತು. ಸಹಿ ಮಾಡೋಕೆ ಅವನಿಗೆ ಬರ್ತಿರಲಿಲ್ಲ."

ಎನ್ಕಾರ್ನಾ ತೆರೆದೇ ಇದ್ದ ತನ್ನ ಬಾಗಿಲಿನತ್ತ ನೋಡುತ್ತಾ ನಿಂತಿದ್ದಳು. ಮುದುಕಿಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಇದನ್ನ ಆಗಲೇ ಯಾಕೆ ಬೊಗಳಲಿಲ್ಲ ನೀನು?"

"ಬೊಗಳೋಕೆ ಬಿಟ್ಟೆಯಾ? ಅರಬರದ್ದಲ್ಲ ಅಂದ ತಕ್ಷಣ ನೀರು ಸುರಿದೆ."

"ಮೊದಲು ಒಳ್ಳೇದು ಹೇಳಿ ಆಮೇಲೆ ಕೆಟ್ಟದ್ದು ಹೇಳಬೇಕು, ಅಷ್ಟೂ ಬುದ್ಧಿ ಬೇಡವಾ!" ಎನ್ಕಾರ್ನಾ ತನ್ನ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. "ಏನೋ ಬಿಲ್ಲೆ ವಾಪಸ್ ಕೊಡ್ತೀಯಂತೆ."

"ಕಂಡದ್ದನ್ನಷ್ಟೇ ಹೇಳಬೇಕು ಎನ್ಕಾರ್ನಾ. ನನಗೆ ಕಾಣಲ್ಲ."

"ಕಾಗದದಲ್ಲಿ ಬರೆದಿದ್ದನ್ನ ನಂಬಿ ಹೇಳ್ತೀಯಲ್ಲ, ಆ ಕಾಗದ ಬರೆದೋನೂ ಒಬ್ಬ ಮನುಷ್ಯನೇ ಅಲ್ವಾ? ಇವತ್ತಿಂದ ನಾವು ಕಂಡದ್ದು ಹೇಳ್ತೀವಿ, ನೀನು ಅದನ್ನ ಹೇಳು."

"ನಿನ್ನ ಮಾತು ನಂಬೋದಾ? ಅರಬರ ಬಾವಿ ಅಂದೋಳು ನೀನು."

ಎನ್ಕಾರ್ನಾ ಕೋಲನ್ನು ಬಾವಿಯ ಕಟ್ಟೆಗೆ ಒರಗಿಸಿದಳು. ಮುಂದಿನ ಮಾತು ಅವಳಿಗೆ ಎಷ್ಟು ಕಷ್ಟದ್ದೆಂದು ನನಗೆ ಗೊತ್ತು.

"ಇನ್ನು ಅನ್ನಲ್ಲ. ನಮ್ಮಜ್ಜನ ಬಾವಿ." ಹಾಗೆಂದವಳೇ ಅರಾಸೆಲಿಯ ತೋಳು ಹಿಡಿದು ಗೋಡೆಯತ್ತ ತಿರುಗಿಸಿದಳು. "ಕೇಳು. ಎಡಗಡೆ ಗೋಡೆ, ಹನ್ನೆರಡು ಸಾಲು. ಮೇಲಿನ ನಾಲ್ಕರಲ್ಲಿ ಕೆಂಪು ಹೂ, ಕೆಳಗೆಲ್ಲ ಗುಲಾಬಿ. ಕುಂಡ ನೀಲಿ. ಆರನೇ ಸಾಲಿನಲ್ಲಿ ಅಲ್ಲಲ್ಲಿ ಹಸಿರು ಇಣುಕ್ತಿದೆ, ಅದು ಈ ಅಸಿಸ್ಕ್ಲೋ ಬಳಿದಿದ್ದು, ಇವನಿಗೆ ಕಣ್ಣಿದ್ದೂ ಪ್ರಯೋಜನ ಇಲ್ಲ."

ಅರಾಸೆಲಿ ಒಂದೂ ಬಿಡದೆ ಅದನ್ನು ಫ್ರೆಂಚಿನಲ್ಲಿ ಹೇಳಿದಳು, ಇಣುಕುವ ಹಸಿರನ್ನೂ ಸೇರಿಸಿ. ಲಿಯೋನಿನ ಅಜ್ಜಿ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದಳು.

ಮೇ ತಿಂಗಳ ಸ್ಪರ್ಧೆಯಲ್ಲಿ ಎನ್ಕಾರ್ನಾಗೆ ಎರಡನೆಯದೂ ಬರಲಿಲ್ಲ. ಮೂರು ದಿನ ತೀರ್ಪುಗಾರರ ವಂಶವನ್ನೆಲ್ಲ ಹೆಸರು ಹಿಡಿದು ಬೈದಳು. ಬಿಲ್ಲೆ ಅರಾಸೆಲಿಯ ಕೊರಳಲ್ಲೇ ಇದೆ. ಈಗ ಅವಳು ಮೊದಲ ಮಾತಿಗೇ ಅತಿಥಿಗಳಿಗೆ ಕಣ್ಣಿನ ವಿಷಯ ಹೇಳಿಬಿಡುತ್ತಾಳೆ, ಇಷ್ಟವಿಲ್ಲದವರು ಬೇರೆ ಗೈಡನ್ನು ನೋಡಿಕೊಳ್ಳಬಹುದು. ಇದುವರೆಗೆ ಯಾರೂ ಹೋಗಿಲ್ಲ. ಬೀದಿಯಲ್ಲಿ ಅವಳು ಬರುತ್ತಿದ್ದ ಹಾಗೆ ಬಾಗಿಲು ಬಾಗಿಲಿನಿಂದ ಜನ ಕೂಗಿ ಹೇಳುತ್ತಾರೆ. "ಅರಾಸೆಲಿ, ಬಲಗಡೆ ಏಣಿ ನಿಲ್ಲಿಸಿದ್ದೀವಿ!" "ಕಿತ್ತಳೆ ಮರ ಹೂ ಬಿಟ್ಟಿದೆ, ಆದರೆ ಬಿಸಿಲ ಕಡೆ ಕೊಂಬೆ ಮಾತ್ರ!" "ನಮ್ಮನೆ ಕಿಟಕಿ ಕಂದು ಬಣ್ಣ ಮಾಡಿಸಿದೆ ಕಣೇ, ಹೋದ ವಾರದ ಬಿಳಿ ಅಲ್ಲ!" ನಾನೂ ಅಂಗಡಿಯ ಬಾಗಿಲಿಗೆ ಬಂದು, ಇವತ್ತು ಊಟದ ಪಟ್ಟಿಯ ಹಲಗೆಯ ಮೇಲೆ ಏನೇನು ಬರೆದಿದ್ದೇನೆ ಎಂದು ಕೂಗುತ್ತೇನೆ.

ಮೊನ್ನೆ ಇಟಲಿಯ ಒಬ್ಬ ಪ್ರೊಫೆಸರು ಅದನ್ನೆಲ್ಲ ಬಹಳ ಗಮನವಿಟ್ಟು ಕೇಳಿ, ನನ್ನ ಅಂಗಡಿಯಲ್ಲಿ ಕೂತ ಮೇಲೆ ಪುಸ್ತಕ ತೆರೆದು ಪೆನ್ನು ಹಿಡಿದ.

"ಮೇಡಂ, ಈ ಬೀದಿಯಲ್ಲಿ ಬಂದವರಿಗೆ ಬಾಗಿಲಿನಿಂದಲೇ ಮನೆಯ ವಿವರ ಕೂಗಿ ಹೇಳ್ತಾರಲ್ಲ, ಎಂಥ ಸುಂದರ ಪದ್ಧತಿ! ಎಷ್ಟು ಹಳೇದು ಇದು? ಅರಬರ ಕಾಲದ್ದಾ?"

ನಾನು ಲೋಟ ಒರೆಸುವುದನ್ನು ನಿಲ್ಲಿಸಿದೆ. ಹೂಂ ಅಂದಿದ್ದರೆ ಅವನು ಖುಷಿಯಿಂದ ಬರೆದುಕೊಳ್ಳುತ್ತಿದ್ದ.

"ಇಲ್ಲ" ಅಂದಳು ಅರಾಸೆಲಿ. "ಹೋದ ಏಪ್ರಿಲ್‌ನದು."